ಅತ್ತೆಯ ಅಪಾಯಿಂಟ್‌ಮೆಂಟ್ ಆರ್ಡರ್

ಲಾಂಡ್ರಿ ಯಜಮಾನನಿಗೆ ಕೆಟ್ಟ ಸುದ್ದಿಯನ್ನು ಕನ್ನಡದಲ್ಲಿ ಹೇಳಲು ಬರುತ್ತಿರಲಿಲ್ಲ. ಒಳ್ಳೆಯದನ್ನೆಲ್ಲ ಕನ್ನಡದಲ್ಲೇ ಹೇಳುತ್ತಿದ್ದ, ಬೈಗುಳವೂ ಕನ್ನಡದಲ್ಲೇ ಧಾರಾಳವಾಗಿ ಬರುತ್ತಿತ್ತು. ಆದರೆ ಗಿರಾಕಿಯ ಅಂಗಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಸುಟ್ಟಿತೋ, ಅವನ ನಾಲಿಗೆ ತಾನಾಗಿಯೇ ಇಂಗ್ಲಿಷಿಗೆ ಹೊರಳುತ್ತಿತ್ತು. "ಸರ್, ನಿಮ್ಮ ಐಟಂ ಸ್ವಲ್ಪ ಡ್ಯಾಮೇಜ್ ಆಗಿದೆ" ಅನ್ನುತ್ತಿದ್ದ. ಕಳೆದುಹೋದ ಪ್ಯಾಂಟು ಮಿಸ್‌ಪ್ಲೇಸ್ ಆಗುತ್ತಿತ್ತು, ಬಣ್ಣ ಬಿಟ್ಟು ಹಾಳಾದ ಬಟ್ಟೆಗೆ ಕೆಮಿಕಲ್ ರಿಯಾಕ್ಷನ್ ಆಗುತ್ತಿತ್ತು. ಸುಟ್ಟಿದೆ ಅಂದಿದ್ದರೆ ಮೈಮೇಲೆ ಏರಿಬರುತ್ತಿದ್ದ ಗಿರಾಕಿ ಡ್ಯಾಮೇಜ್ ಅಂದಾಗ ಡಾಕ್ಟರ ಮುಂದೆ ನಿಂತವನ ಹಾಗೆ ಗಂಭೀರವಾಗಿ ತಲೆಯಾಡಿಸಿ ಮನೆಗೆ ಹೋಗುತ್ತಿದ್ದ. ಇದು ಮೋಸ ಅಂತ ಯಜಮಾನನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಬಿಸಿ ಪಾತ್ರೆ ಇಳಿಸುವಾಗ ಬಟ್ಟೆ ಹಿಡಿಯುವುದಿಲ್ಲವೇ, ಅಷ್ಟೇ ಅಂದುಕೊಂಡಿದ್ದ.

ಈ ವಿದ್ಯೆ ಕಲಿಸಿದವಳು ಅತ್ತೆ. ಅತ್ತೆ ಅಂದರೆ ಹೆಂಡತಿಯ ತಾಯಿಯಲ್ಲ, ಅಪ್ಪನ ಅಕ್ಕ. ಅವನ ತಾಯಿ ಮೊದಲೇ ಇರಲಿಲ್ಲ. ಅವನಿನ್ನೂ ಅಕ್ಷರ ತಿದ್ದುವ ವಯಸ್ಸಿನಲ್ಲಿದ್ದಾಗ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಸಣ್ಣ ಮುಖದ ಮುಂದೆ ಕೂತು ಆ ಮಾತನ್ನು ಹೇಗೆ ಹೇಳುವುದೆಂದು ತಿಳಿಯದೆ ಅತ್ತೆ ಆಸ್ಪತ್ರೆಯವರು ಹೇಳಿದ್ದನ್ನೇ ಹೇಳಿಬಿಟ್ಟಿದ್ದಳು: "ಪುಟ್ಟ, ನಿಮ್ಮಪ್ಪ ಎಕ್ಸ್‌ಪೈರ್ ಆದ್ರು ಕಣೋ." ಅವನು "ಹೂಂ" ಅಂದು ಆಡಲು ಹೋದ. ಹಾಗೆಂದು ಅವನ ನೆನಪು. ಎರಡು ದಿನ ದುಃಖವೇ ಇಲ್ಲದೆ ಕಳೆದೆನಲ್ಲ, ಅತ್ತೆ ಎಂಥ ಉಪಕಾರ ಮಾಡಿದಳು ಎಂದು ದೊಡ್ಡವನಾದ ಮೇಲೂ ನೆನೆಯುತ್ತಿದ್ದ.

ಅತ್ತೆಯೇ ಅವನನ್ನು ಸಾಕಿದಳು, ತಮ್ಮನ ಲಾಂಡ್ರಿಯನ್ನೂ ಮುಚ್ಚದೆ ಕಾಪಾಡಿದಳು. ಈಗ ಅವನ ತಲೆಯೇ ನೆರೆತಿದೆ. ಆದರೂ ಅವಳು ದಿನಾ ಬೆಳಿಗ್ಗೆ ಅವನಿಗಿಂತ ಮೊದಲು ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಬಂದ ಗಂಟುಗಳನ್ನು ಬಿಚ್ಚಿ, ಒಂದೊಂದು ಜೇಬನ್ನೂ ಒಳಹೊರಗು ಮಾಡಿ ನೋಡುತ್ತಿದ್ದಳು. ಜೇಬಿನಲ್ಲಿ ಸಿಕ್ಕಿದ ಟಿಕೆಟು, ಹಲ್ಲುಕಡ್ಡಿ, ಪ್ರೇಮಪತ್ರಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಗಿರಾಕಿ ಬಂದಾಗ ಎಲ್ಲರೆದುರಿಗೇ ವಾಪಸು ಕೊಡುತ್ತಿದ್ದಳು. ಇದರಿಂದ ಕೆಲವು ಗಿರಾಕಿಗಳು ಕೈಬಿಟ್ಟುಹೋದದ್ದೂ ಉಂಟು.

ಈಗೀಗ ಮನೆಮನೆಗೂ ವಾಷಿಂಗ್ ಮೆಷಿನ್ ಬಂದು ಲಾಂಡ್ರಿಗೆ ಬರುವ ಗಂಟುಗಳು ಸೊರಗಿದ್ದವು. ಹಿಂದಿನ ಕೋಣೆಯ ಬಾಯ್ಲರು ಬೆಳಿಗ್ಗೆ ನಾಲ್ಕು ಸಲ ಗೊರಗುಟ್ಟಿ ಮಧ್ಯಾಹ್ನಕ್ಕೆ ತಣ್ಣಗಾಗುತ್ತಿತ್ತು. ಹೀಗೇ ಹೋದರೆ ವರ್ಷದ ಕೊನೆಗೆ ಬಾಗಿಲು ಹಾಕಬೇಕೆಂಬುದು ಯಜಮಾನನಿಗೆ ಗೊತ್ತಿತ್ತು. ಹೆಂಡತಿಗೆ ಅದನ್ನು "ಇಯರ್ ಎಂಡ್ ಕ್ಲೋಷರ್" ಅಂತ ಹೇಳಿದ್ದ, ಹಾಗಾಗಿ ಅವಳು ನಿಶ್ಚಿಂತೆಯಿಂದ ಹೊಸ ಪರದೆಗೆ ಬಟ್ಟೆ ನೋಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಸ್ಟೇಷನ್ ಎದುರಿನ ದೊಡ್ಡ ಹೋಟೆಲು ತನ್ನ ಬೆಡ್‌ಶೀಟು, ಟವೆಲುಗಳನ್ನೆಲ್ಲ ಹೊರಗೆ ಒಗೆಯಲು ಕೊಡುತ್ತದೆಂದು ತಿಳಿಯಿತು. ಅದು ಸಿಕ್ಕರೆ ಅಂಗಡಿ ಉಳಿದಂತೆ.

ಹೋಟೆಲಿನಿಂದ ಒಬ್ಬ ಮೇಡಂ ನೋಡಲು ಬಂದಳು. ಬಾಯ್ಲರು ನೋಡಿದಳು, ಇಸ್ತ್ರಿ ಮೇಜು ಮುಟ್ಟಿ ನೋಡಿದಳು, ಕೊನೆಗೆ ಕಿಟಕಿಯ ಹತ್ತಿರ ಯಾರದೋ ಕೋಟಿನ ಜೇಬಿನೊಳಗೆ ಮೊಣಕೈವರೆಗೆ ಕೈ ತೂರಿಸಿದ್ದ ಅತ್ತೆಯ ಮುಂದೆ ನಿಂತಳು.

"ಇವರ ಡೆಸಿಗ್ನೇಷನ್ ಏನು?" ಎಂದು ಕೇಳಿದಳು.

ನಮ್ಮತ್ತೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೇಡಂ ಕೇಳಿದ್ದು ಇಂಗ್ಲಿಷಿನ ಮಾತು, ಯಜಮಾನನ ಬಾಯಿಂದ ಇಂಗ್ಲಿಷಿನ ಉತ್ತರವೇ ಹಾರಿತು. "ಕ್ವಾಲಿಟಿ ಕಂಟ್ರೋಲ್" ಅಂದುಬಿಟ್ಟ. ಮೇಡಂ ಬರೆದುಕೊಂಡಳು.

ಒಂದು ವಾರ ಬಿಟ್ಟು ಹೋಟೆಲಿನ ಷರತ್ತುಗಳು ಬಂದವು. ಕೆಲಸಗಾರರಿಗೆಲ್ಲ ಲಿಖಿತ ಅಗ್ರಿಮೆಂಟ್ ಇರಬೇಕು. ಅದನ್ನು ಯಜಮಾನನೇ ಸ್ವತಃ ಕೆಲಸಗಾರನ ಮುಂದೆ ಕೂತು, ಅವನ ಭಾಷೆಯಲ್ಲಿ ಓದಿ ಹೇಳಿ, ಅರ್ಥವಾಯಿತೆಂದು ಕೆಳಗೆ ಸಹಿ ಹಾಕಿಸಿಕೊಳ್ಳಬೇಕು. ಯಂತ್ರ ಓಡುವ ಜಾಗದಲ್ಲಿ ಅರವತ್ತು ದಾಟಿದವರು ಯಾರೂ ಕೆಲಸಕ್ಕಿರಬಾರದು. ಫೋನ್ ಮಾಡಿದ್ದಕ್ಕೆ ಮೇಡಂ ಬಹಳ ಬೇಜಾರು ಮಾಡಿಕೊಂಡೇ, "ಇನ್ಶೂರೆನ್ಸ್ ವಿಷಯ ಸರ್, ನನ್ನ ಕೈಯಲ್ಲೇನಿಲ್ಲ" ಅಂದಳು.

ಅತ್ತೆ ಅರವತ್ತು ದಾಟಿ ಯಾವ ಕಾಲವಾಯಿತೋ, ಮೇಡಂ ಬರೆದುಕೊಂಡ ಪಟ್ಟಿಯಲ್ಲಿ ಅವಳೂ ಕೆಲಸದವಳು. ಯಜಮಾನ ತಲೆ ಮೇಲೆ ಕೈಹೊತ್ತು ಕೂತ.

ಆಗ ಮುಂದೆ ಬಂದವನು ಭಾವಮೈದ, ಯಜಮಾನನ ಹೆಂಡತಿಯ ತಮ್ಮ. ಸಿಮೆಂಟ್ ಕಂಪನಿಯ ಆಫೀಸಿನಲ್ಲಿ ಗುಮಾಸ್ತ. ಸಂಜೆ ಕ್ಲಾಸಿಗೆ ಹೋಗಿ ಬಿಸಿನೆಸ್ ಇಂಗ್ಲಿಷ್ ಕಲಿತಿದ್ದ, ಕಲಿತ ಮೇಲೆ ಮನುಷ್ಯರ ಹಾಗೆ ಮಾತಾಡುವುದನ್ನೇ ಬಿಟ್ಟಿದ್ದ. ಊಟಕ್ಕೆ ಕೂತರೆ "ಅಕ್ಕ, ಇನ್ನೊಂದು ಸೌಟು, ಸಬ್ಜೆಕ್ಟ್ ಟು ಅವೇಲಬಿಲಿಟಿ" ಅನ್ನುವನು. ಜ್ವರ ಬಂದರೆ "ಅನ್‌ಫೋರ್‌ಸೀನ್ ಸರ್ಕಂಸ್ಟಾನ್ಸಸ್" ಎಂದು ಮುಸುಕೆಳೆಯುವನು. ಮದುವೆಗೆ ನೋಡಲು ಹೋದಲ್ಲಿ ಹುಡುಗಿಯ ಅಪ್ಪನಿಗೆ "ಟರ್ಮ್ಸ್ ಅಂಡ್ ಕಂಡಿಷನ್ಸ್ ಮ್ಯೂಚುಯಲಿ ಅಗ್ರೀ ಆದರೆ ನನ್ನದೇನೂ ಅಬ್ಜೆಕ್ಷನ್ ಇಲ್ಲ" ಅಂದು ಕಾಫಿ ಬರುವ ಮೊದಲೇ ಎದ್ದುಬರಬೇಕಾಗಿತ್ತು.

"ಭಾವ, ಇದೊಂದು ಸಿಂಪಲ್ ಕೇಸು" ಅಂದ. "ಅತ್ತೇನ ಸೂಪರ್‌ಆನ್ಯುಯೇಟ್ ಮಾಡಿಬಿಡೋಣ."

ಆ ಮಾತು ಕೇಳಿ ಯಜಮಾನನಿಗೆ ಹೋದ ಜೀವ ಬಂದ ಹಾಗಾಯಿತು. ಎಷ್ಟು ಉದ್ದದ ಮಾತು, ಎಷ್ಟು ದಪ್ಪ! ಅದರೊಳಗೆ ಏನನ್ನು ಸುತ್ತಿ ಕೊಟ್ಟರೂ ಕೈ ಸುಡದು. "ಅಷ್ಟೇ ತಾನೇ?" ಅಂದ.

"ಒಂದೇ ತೊಡಕು. ಕೆಲಸಕ್ಕೇ ಸೇರದವರನ್ನ ರಿಲೀವ್ ಮಾಡೋಕೆ ಬರಲ್ಲ. ಅತ್ತೆಗೆ ಅಪಾಯಿಂಟ್‌ಮೆಂಟ್ ಆರ್ಡರೇ ಇಲ್ಲವಲ್ಲ. ಮೊದಲು ಅಪಾಯಿಂಟ್ ಮಾಡಬೇಕು, ಆಮೇಲೆ ತೆಗೀಬೇಕು. ಎರಡೂ ಒಂದೇ ಸಿಟಿಂಗಲ್ಲಿ ಮುಗಿಸಬಹುದು."

ಹೀಗೆ, ಅತ್ತೆಯನ್ನು ಕಳಿಸುವ ಸಲುವಾಗಿ ಅತ್ತೆಯನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದೆಂದು ಇಬ್ಬರು ಬುದ್ಧಿವಂತರು ತೀರ್ಮಾನಿಸಿದರು.

ಭಾವಮೈದ ಅಗ್ರಿಮೆಂಟುಗಳನ್ನು ತಲೆಯಿಂದ ಬರೆಯುವವನಲ್ಲ. ತನ್ನ ಕಂಪನಿಯದನ್ನೇ ತಂದು ಹೆಸರು ಬದಲಿಸಿದ. ಬದಲಿಸಿದ್ದು ಹೆಸರನ್ನು ಮಾತ್ರ. ಹಾಗಾಗಿ ಓದುವ ದಿನ, ಬಟ್ಟೆ ಮಡಿಸುವ ಮೇಜಿನ ಸುತ್ತ ಎಲ್ಲರೂ ಕೂತಾಗ, ಇಸ್ತ್ರಿಯವನಿಗೆ ತಾನು ತಲೆಗೆ ಹೆಲ್ಮೆಟ್ ಹಾಕದೆ ಸಿಮೆಂಟ್ ಸುಡುವ ಗೂಡಿನ ಹತ್ತಿರ ಸುಳಿಯಬಾರದೆಂದೂ ಬೇರೆ ಕಂಪನಿಯ ಸಿಮೆಂಟನ್ನು ಮಾರಬಾರದೆಂದೂ ಗೊತ್ತಾಯಿತು. "ಅದು ಸ್ಟ್ಯಾಂಡರ್ಡ್ ಕಂಡಿಷನ್, ಇರಲಿ" ಅಂದ ಭಾವಮೈದ. ಇಸ್ತ್ರಿಯವನು ಸಿಮೆಂಟ್ ಮಾರುವ ಯೋಚನೆ ತನಗಿಲ್ಲವೆಂದು ಮಾತು ಕೊಟ್ಟ. ಆದರೆ ಕಾನ್ಫಿಡೆನ್ಷಿಯಾಲಿಟಿ ಎಂಬಲ್ಲಿಗೆ ಬಂದಾಗ ತಡೆದ.

"ಅಂಗಡಿಯ ಗುಟ್ಟನ್ನ ಹೊರಗೆ ಹೇಳಬಾರದು ಅಂತ" ಎಂದು ಯಜಮಾನ ವಿವರಿಸಿದ.

"ನಮ್ಮ ಅಂಗಡೀಲಿ ಏನು ಗುಟ್ಟಿದೆ?"

"ಯಾರ ಕಾಲರಲ್ಲಿ ಎಷ್ಟು ಕೊಳೆ, ಯಾರ ಬನಿಯನ್ನಲ್ಲಿ ಎಷ್ಟು ತೂತು, ಇದೇ."

ಇಸ್ತ್ರಿಯವನ ಮುಖ ಸಣ್ಣದಾಯಿತು. "ಮತ್ತೆ ಸಂಜೆ ಮನೆಗೆ ಹೋಗಿ ಹೆಂಡತಿ ಹತ್ರ ಏನು ಮಾತಾಡ್ಲಿ?"

ಆಮೇಲೆ ಟರ್ಮಿನೇಷನ್ ಬಂತು. ಅದನ್ನು ಕನ್ನಡಕ್ಕೆ ತಿರುಗಿಸುವ ಬದಲು ಯಜಮಾನ ಗಟ್ಟಿಯಾಗಿ "ಟರ್ಮಿನೇಷನ್" ಎಂದು ಓದಿ ಪುಟ ತಿರುವಿದ. ಇಸ್ತ್ರಿಯವನೂ ಬಾಯ್ಲರು ನೋಡಿಕೊಳ್ಳುವವನೂ ಅದು ಏನೋ ಒಳ್ಳೆಯದೇ ಇರಬೇಕೆಂದು ಸಹಿ ಹಾಕಿದರು.

ಕಿಟಕಿಯ ಪಕ್ಕದಿಂದ ಅತ್ತೆ ತಲೆ ಎತ್ತದೆ, "ಅವರ ಭಾಷೇಲಿ ಹೇಳಬೇಕು ಅಂತಲ್ವೇನೋ ಷರತ್ತು?" ಅಂದಳು.

ಯಜಮಾನ ಕೇಳಿಸದವನ ಹಾಗೆ ಕಾಗದ ಜೋಡಿಸಿದ. ಆ ಇಬ್ಬರ ಸರದಿ ಮುಗಿದಿತ್ತು, ಉಳಿದವಳು ಅವಳೊಬ್ಬಳೇ. ಕುರ್ಚಿ ಎಳೆದುಕೊಂಡು ಅವಳೆದುರು ಕೂತ, ಗಂಟಲು ಸರಿಮಾಡಿಕೊಂಡ. "ತಮ್ಮನ್ನು ಈ ಮೂಲಕ..." ಎಂದು ಶುರು ಮಾಡಿದ.

"ತಾವು ಯಾರೋ?" ಅತ್ತೆ ಹಿಂದೆ ತಿರುಗಿ ನೋಡಿದಳು. "ಹುಟ್ಟಿದಾಗಿಂದ ನೀನು ಅಂತ ಮಾತಾಡ್ಕೊಂಡು ಈಗೇನು ತಾವು?"

"ಕಾಗದದಲ್ಲಿ ಹಾಗೆ ಬರೆಯೋದು ಅತ್ತೆ. ನಿನ್ನನ್ನ ಕೆಲಸಕ್ಕೆ ತಗೊಂಡಿದ್ದೀವಿ ಅಂತ ಇದು."

"ಯಾರು ತಗೊಂಡಿದ್ದು?"

"ನಾನು."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸ್ಟೂಲಿನ ಮೇಲೆ ನಿಲ್ಲಿಸಿ ಅವನಿಗೆ ಕರವಸ್ತ್ರ ಮಡಿಸುವುದನ್ನು ಕಲಿಸಿದ್ದು ಅದೇ ಮಡಿಸುವ ಮೇಜಿನ ಮುಂದೆ. "ಒಳ್ಳೇದಾಯ್ತು, ಓದು" ಅಂದಳು.

"ಏನಿದ್ರೂ ನನಗೆ ರಿಪೋರ್ಟ್ ಮಾಡಬೇಕು. ಅಂದ್ರೆ ನನಗೆ ಹೇಳಬೇಕು."

"ಇಷ್ಟು ದಿನ ಗೋಡೆಗೆ ಹೇಳ್ತಿದ್ದೆನಾ?"

"ಆರು ತಿಂಗಳು ಪ್ರೊಬೇಷನ್."

"ಹಾಗಂದ್ರೆ?"

ಯಜಮಾನ ಭಾವಮೈದನ ಮುಖ ನೋಡಿದ. ಭಾವಮೈದ ಸೂರು ನೋಡಿದ. "ನಿನಗೆ ಕೆಲಸ ಬರುತ್ತೋ ಇಲ್ವೋ ಅಂತ ನೋಡೋದು ಅತ್ತೆ. ಆ ಆರು ತಿಂಗಳಲ್ಲಿ ಯಾರಿಗೆ ಬೇಡ ಅನ್ನಿಸಿದ್ರೂ ನೋಟಿಸ್ ಇಲ್ಲದೆ ಬಿಡಬಹುದು. ಆಮೇಲಾದ್ರೆ ಮೂರು ತಿಂಗಳು ಮುಂಚೆ ಹೇಳಬೇಕು."

ಇಸ್ತ್ರಿಯವನು ಪೆಟ್ಟಿಗೆಯನ್ನು ನಿಲ್ಲಿಸಿ ಪಕ್ಕಕ್ಕಿಟ್ಟ. ಅತ್ತೆಗೆ ರೇಗಿದರೆ ಬಿಸಿ ವಸ್ತುಗಳು ದೂರವಿರುವುದು ಒಳ್ಳೆಯದೆಂದು ಅವನಿಗೆ ಅನುಭವವಿತ್ತು. ಆದರೆ ಅತ್ತೆಗೆ ರೇಗಲಿಲ್ಲ. "ಸರಿ, ನೋಡಪ್ಪ. ನೋಡದೆ ಯಾರನ್ನೂ ತಗೋಬಾರದು" ಅಂದಳು. ಕನ್ನಡಕ ಒರೆಸಿ ಹಾಕಿಕೊಂಡು, ತನ್ನ ಕೆಲಸದ ಹೆಸರು ಬರೆದಿರುವುದು ಎಲ್ಲಿ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟಳು. ಇನ್ನೊಂದು ಸಲ ಓದಿಸಿದಳು. ಕ್ವಾಲಿಟಿ ಕಂಟ್ರೋಲ್. ಇಷ್ಟು ವರ್ಷ ಆ ಕುರ್ಚಿಯಲ್ಲಿ ಅವಳು ಮಾಡುತ್ತಿದ್ದುದಕ್ಕೆ ಕೆಲಸ ಎಂದು ಯಾರೂ ಹೆಸರಿಟ್ಟಿರಲಿಲ್ಲ. ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿ, ಕಾಗದವನ್ನು ನೀಟಾಗಿ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅವಳ ಮುಖದ ತುಂಬ ಸಂತೋಷವಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಯಜಮಾನನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಎರಡನೆಯ ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು.

"ಭಾವ, ಅನೆಕ್ಷರ್" ಎಂದು ಭಾವಮೈದ ತಿವಿದ.

ಯಜಮಾನ ಕಾಗದ ತೆಗೆದು, ಅತ್ತೆಯ ಕಡೆ ನೋಡದೆ, ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಓದಿದ. "ಕಾನ್ಸಿಕ್ವೆಂಟ್ ಅಪಾನ್ ಅಟೇನಿಂಗ್ ದಿ ಏಜ್ ಆಫ್ ಸೂಪರ್‌ಆನ್ಯುಯೇಷನ್, ಯುವರ್ ಸರ್ವೀಸಸ್ ಶಲ್ ಸ್ಟ್ಯಾಂಡ್ ರಿಲೀವ್ಡ್ ವಿತ್ ಇಮಿಡಿಯಟ್ ಎಫೆಕ್ಟ್." ಓದಿ ಪೆನ್ನು ಮುಂದೆ ಚಾಚಿದ.

ಅತ್ತೆ ಪೆನ್ನು ಮುಟ್ಟಲಿಲ್ಲ. "ಕನ್ನಡದಲ್ಲಿ" ಅಂದಳು.

"ವಯೋನಿವೃತ್ತಿಯ ಪ್ರಯುಕ್ತ ತಮ್ಮನ್ನು ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ."

"ಅದು ರೇಡಿಯೋದವರ ಕನ್ನಡ. ಮನೆ ಕನ್ನಡದಲ್ಲಿ ಹೇಳು. ಬಿಡುಗಡೆ ಮಾಡಿದ್ದು ಯಾರು, ಮಳೆಯಾ ಗಾಳಿಯಾ?"

ಯಜಮಾನ ಬಾಯಿ ತೆರೆದ. ನಾಲಿಗೆಗೆ ಬಂದದ್ದೆಲ್ಲ ಇಂಗ್ಲಿಷೇ. ರೂಲ್ಸು, ಪಾಲಿಸಿ, ಇನ್ಶೂರೆನ್ಸು. ಒಂದನ್ನೂ ಅತ್ತೆ ಒಳಗೆ ಬಿಡಲಿಲ್ಲ, ಒಂದೊಂದಕ್ಕೂ ಊಹೂಂ ಎಂದು ತಲೆಯಾಡಿಸಿದಳು. ಅವನಿಗೆ ಸಿಟ್ಟು ಬಂತು. "ಯಾಕೆ ಅತ್ತೆ ಹಿಂಸೆ ಮಾಡ್ತೀಯ? ಅಪ್ಪ ಹೋದಾಗ ನೀನೇ ಇಂಗ್ಲಿಷಲ್ಲಿ ಹೇಳಿದೆಯಲ್ಲ. ಅದರಿಂದ ನನಗೆ ಒಳ್ಳೇದೇ ಆಯ್ತಲ್ಲ. ಎರಡು ದಿನ ಆರಾಮಾಗಿ ಆಡ್ಕೊಂಡಿದ್ದೆ."

"ಯಾರು ಹೇಳಿದ್ದು ಆಡ್ಕೊಂಡಿದ್ದೆ ಅಂತ?" ಅತ್ತೆಯ ದನಿ ಇಳಿಯಿತು. "ನೀನು ಆಡಲಿಲ್ಲ ಕಣೋ. ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಎರಡು ದಿನ. ಊಟಕ್ಕೆ ಕರೆದ್ರೂ ಬರಲಿಲ್ಲ. ಎಕ್ಸ್‌ಪೈರ್ ಮುಗಿಸ್ಕೊಂಡು ಅಪ್ಪ ಯಾವಾಗ ಬರ್ತಾರೆ ಅಂತ ಕೇಳ್ತಿದ್ದೆ. ಒಂದೇ ಸಲ ಹೇಳಿದ್ರೆ ಒಂದೇ ಸಲ ಅಳ್ತಿದ್ದೆ. ನನ್ನ ಬಾಯಿ ಸುಡಬಾರದು ಅಂತ ನಿನ್ನನ್ನ ಎರಡು ದಿನ ಬಾಗಿಲಲ್ಲಿ ಕೂರಿಸಿದೆ. ಹೇಳು ಈಗ."

ಭಾವಮೈದನ ಕ್ಲಾಸಿನಲ್ಲಿ ಇದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ. ಯಜಮಾನನಿಗೆ ಆ ಮೆಟ್ಟಿಲು ನೆನಪಾಯಿತು. ಆಟದ ನೆನಪು ಎಲ್ಲಿಂದ ಬಂದಿತ್ತೋ, ಮೆಟ್ಟಿಲ ಕಲ್ಲಿನ ತಂಪು ಮಾತ್ರ ಈಗ ನಿಜವಾಗಿ ನೆನಪಾಯಿತು. ಅವನು ಕಾಗದವನ್ನು ಮೇಜಿನ ಮೇಲಿಟ್ಟ.

"ಅತ್ತೆ" ಅಂದ. "ಹೋಟೆಲಿನ ಕೆಲಸ ಸಿಕ್ಕದಿದ್ರೆ ಅಂಗಡಿ ಮುಚ್ಚಬೇಕಾಗತ್ತೆ. ನಿನಗೆ ವಯಸ್ಸಾಯ್ತು ಅಂತಾರೆ. ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ. ಬೇರೆ ಯಾರೂ ಅಲ್ಲ, ನಾನೇ ಹೇಳ್ತಿದೀನಿ."

ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತ. ಅತ್ತೆ ಅಳುತ್ತಾಳೆ, ಇಲ್ಲವೇ ಕೈಗೆ ಸಿಕ್ಕಿದ ಹ್ಯಾಂಗರಿನಿಂದ ಬಾರಿಸುತ್ತಾಳೆ ಎಂದು ಕಾದ.

"ಅಬ್ಬ" ಅಂದಳು ಅತ್ತೆ. ಕುರ್ಚಿಗೆ ಒರಗಿ ಕಾಲು ಚಾಚಿದಳು. "ಎರಡು ವರ್ಷದಿಂದ ಕಾಯ್ತಿದ್ದೆ."

"ಏನು?"

"ಮಂಡಿ ನೋವು. ಬೆಳಿಗ್ಗೆ ಏಳೋಕೇ ಆಗಲ್ಲ. ಈ ಹಬೆ ಬೇರೆ ಎದೆಗೆ ಕೂರತ್ತೆ. ಬಿಡ್ತೀನಿ ಅಂತ ಹೇಳೋಣ ಅಂದ್ರೆ ನಿನ್ನ ಮುಖ ನೋಡಿದ ಕೂಡಲೇ ಬಾಯಿ ಕಟ್ಟೋದು. ಪಾಪ, ಅತ್ತೆ ಕೈಬಿಟ್ಟಳು ಅಂತ ಎಲ್ಲಿ ಅಂದ್ಕೊಂಡುಬಿಡ್ತಾನೋ ಅಂತ." ಎಂದು ಪೆನ್ನು ತೆಗೆದುಕೊಂಡು, ಮೊದಲಿನದಕ್ಕಿಂತ ದೊಡ್ಡ ಅಕ್ಷರದಲ್ಲಿ ಸಹಿ ಜಡಿದಳು.

ಯಜಮಾನ ಇಂಗು ತಿಂದ ಮಂಗನ ಹಾಗೆ ಕೂತ. ಕಳಿಸಬೇಕೆಂದವನು ತಾನೇ, ಕಳಿಸಿಯೂ ಆಯಿತು. ಆದರೆ ಅವಳು ಇಷ್ಟು ಸಲೀಸಾಗಿ ಹೊರಡುತ್ತಾಳೆಂದು ಅವನು ಎಣಿಸಿರಲಿಲ್ಲ. ಅವಳು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡು, ಜೇಬಿನ ಸಾಮಾನಿನ ಡಬ್ಬಿಯನ್ನು ಇಸ್ತ್ರಿಯವನ ಕೈಗೆ ಒಪ್ಪಿಸುತ್ತಿದ್ದಳು.

"ಅತ್ತೆ, ಹೀಗೆ ದಿಢೀರ್ ಅಂತ ಹೋಗೋ ಹಾಗಿಲ್ಲ" ಅಂದ. ಮೊದಲನೆಯ ಕಾಗದದ ಪ್ರತಿಯನ್ನು ಹುಡುಕಿ ತೆಗೆದ. "ನೋಟಿಸ್ ಪೀರಿಯಡ್ ಇದೆ. ಮೂರು ತಿಂಗಳು. ಇಲ್ಲಿ ಬರೆದಿದೆ ನೋಡು, ಸಹಿ ಮಾಡಿದ್ದೀಯ."

"ಅದು ಪ್ರೊಬೇಷನ್ ಮುಗಿದ ಮೇಲೆ" ಅಂದಳು ಅತ್ತೆ. "ನನ್ನದಿನ್ನೂ ಶುರುವಾಗಿ ಅರ್ಧ ಗಂಟೆ."

ಯಜಮಾನ ಭಾವಮೈದನ ಕಡೆ ತಿರುಗಿದ. "ಲೀಗಲಿ ಸ್ಪೀಕಿಂಗ್, ಅತ್ತೆ ಹೇಳೋದು ಕರೆಕ್ಟು" ಎಂದು ಭಾವಮೈದ ಒಪ್ಪಿಕೊಂಡ. ಅತ್ತೆ ಹೋಗುವಾಗ ಯಜಮಾನನ ಕೆನ್ನೆ ತಟ್ಟಿ, ಬಾಯ್ಲರಿಗೆ ಒಂದು ಏಟು ಕೊಟ್ಟು, ಮೆಟ್ಟಿಲಿಳಿದು ಹೋದಳು.

ಮಾರನೆಯ ದಿನ ಹೋಟೆಲಿನ ಮೊದಲ ಗಾಡಿ ಬಂತು. ಬೆಡ್‌ಶೀಟುಗಳು ಸೂರಿನವರೆಗೆ ರಾಶಿ ಬಿದ್ದವು, ಬಾಯ್ಲರು ಹಳೆಯ ಹುರುಪಿನಲ್ಲಿ ಗೊರಗುಟ್ಟಿತು. ಇಷ್ಟು ದಿನ ಬಯಸಿದ್ದೇ ಬಂದಿತ್ತು. ಯಜಮಾನನಿಗೆ ಮಾತ್ರ ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ. ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದ. ಒಬ್ಬ ಗಿರಾಕಿ ಬಂದು ತನ್ನ ಅಂಗಿ ಕೇಳಿದ. "ಸುಟ್ಟುಬಿಟ್ಟೆ, ನನ್ನ ತಪ್ಪು" ಎಂದು ಕನ್ನಡದಲ್ಲೇ ಹೇಳಿಬಿಟ್ಟ. ಗಿರಾಕಿ ಚೆನ್ನಾಗಿ ಉಗಿದ. ಉಗಿಸಿಕೊಂಡ ಮೇಲೆ ಯಜಮಾನನಿಗೆ ಒಂಥರಾ ಹಗುರವೇ ಆಯಿತು, ಮತ್ತೆ ಬಾಗಿಲ ಕಡೆ ನೋಡಿದ.

ಬಿಸಿಲು ಏರಿದ ಮೇಲೆ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮುಖ ಹೊತ್ತು, ಅತ್ತೆ ಮೆಟ್ಟಿಲು ಹತ್ತಿ ಬಂದಳು. ಒಳಗೆ ಬರಲಿಲ್ಲ. ಕೌಂಟರಿನ ಹೊರಗೆ ಗಿರಾಕಿಗಳ ಬೆಂಚಿನ ಮೇಲೆ ಕೂತು, ಚೀಲದಿಂದ ತನ್ನ ಬೂದು ಶಾಲನ್ನು ತೆಗೆದು ಕೌಂಟರಿನ ಮೇಲೆ ಹಾಕಿದಳು.

"ನಾನು ಗಿರಾಕಿ" ಅಂದಳು. "ಗಿರಾಕಿಗೆ ವಯಸ್ಸಿನ ರೂಲ್ಸ್ ಇಲ್ಲವಷ್ಟೆ? ಇದನ್ನ ಒಗೆದು ಕೊಡು. ಆ ಬೆಡ್‌ಶೀಟಿನ ಮೂಲೇಲಿ ಕಲೆ ಹಾಗೇ ಇದೆ, ಇಲ್ಲಿಗೇ ಕಾಣ್ತಿದೆ, ಕಣ್ಣು ಎಲ್ಲಿಟ್ಟಿದ್ದೀಯ?"

ಯಜಮಾನ ಶಾಲನ್ನು ಬಿಡಿಸಿ ನೋಡಿದ. ಒಂದು ಚುಕ್ಕೆ ಕೊಳೆಯೂ ಇರಲಿಲ್ಲ. ಹಿಂದಿನ ದಿನವೇ ಒಗೆದ ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಇಸ್ತ್ರಿ ಎಳೆದು ಕೊಡಲು ಎರಡು ನಿಮಿಷ ಸಾಕಿತ್ತು. ಅವನು ಚೀಟಿ ಬರೆದು, ಒಂದು ತುಂಡು ಹರಿದು ಅವಳ ಕೈಗೆ ಕೊಟ್ಟ.

"ಯಾವಾಗ ಸಿಗತ್ತೆ?" ಅಂತ ಕೇಳಿದಳು ಅತ್ತೆ.

"ನಾಳೆ ಬಾ" ಅಂದ.